ಇಕ್ಕೇರಿ ವರಹ, ಈಕ್ವೆಡಾರಿನ ಡಾಲರ್

ಹೊಸನಗರದ ಸ್ನೇಹಿತರ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ಇಕ್ಕೇರಿ ವರಹವಿದೆ, ಇಕ್ಕೇರಿ ನಾಯಕರ ಕಾಲದ ಚಿನ್ನದ ನಾಣ್ಯ. ತೂಕ ಮೂರೂವರೆ ಗ್ರಾಮಿಗೆ ಚೂರು ಕಮ್ಮಿ, ಅಗಲ ಹೆಬ್ಬೆರಳ ಉಗುರಿನಷ್ಟೂ ಇಲ್ಲ. ದೀಪದ ಹತ್ತಿರ ಹಿಡಿದರೆ ಸವೆದುಹೋದ ಶಿವ ಪಾರ್ವತಿ ಕಾಣುತ್ತಾರೆ. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಗೆದ್ದ ಹೈದರ್ ಅಲಿ ಊರಿನ ಹೆಸರು ಬದಲಿಸಿದ, ವರಹದ ಮೇಲಿನ ದೇವರನ್ನು ಮುಟ್ಟಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿ ಸುಮ್ಮನಾದ. ವ್ಯಾಪಾರಿಗಳು ನಂಬಿದ ನಾಣ್ಯವನ್ನು ಕೆಡಿಸಲು ಅವನೇನು ದಡ್ಡನೇ? ಜೊತೆಗೆ ಟಂಕಸಾಲೆಯೂ ಅವನ ಕೈಗೇ ಬಂದಿತ್ತು.

ದಕ್ಷಿಣ ಅಮೆರಿಕದ ಈಕ್ವೆಡಾರ್ 2000ದ ಜನವರಿಯಲ್ಲಿ ಇನ್ನೊಬ್ಬರ ನಾಣ್ಯದ ನಂಬಿಕೆಯನ್ನು ಹೀಗೇ ತನ್ನದಾಗಿಸಿಕೊಂಡಿತು. ಟಂಕಸಾಲೆ ಮಾತ್ರ ಸಿಗಲಿಲ್ಲ.

ಹಿಂದಿನ ವರ್ಷ ಅಲ್ಲಿ ಬ್ಯಾಂಕುಗಳು ಮುಗ್ಗರಿಸಿದ್ದವು, ಜನರ ಠೇವಣಿಗೆ ಸರ್ಕಾರವೇ ಬೀಗ ಹಾಕಿತ್ತು, ಹಳೆಯ ವಿದೇಶಿ ಸಾಲಕ್ಕೆ ಬದಲಾಗಿ ಕೊಟ್ಟಿದ್ದ ಬ್ರೇಡಿ ಬಾಂಡ್ ಎಂಬ ಸಾಲಪತ್ರಗಳ ಬಡ್ಡಿ ತಪ್ಪಿತ್ತು. ಸಾಲ ಡಾಲರಿನಲ್ಲಿ, ತೆರಿಗೆ ಬರುವುದು ದೇಶದ ಸ್ವಂತ ಹಣವಾದ ಸುಕ್ರೆಯಲ್ಲಿ. ಸುಕ್ರೆ ಕುಸಿದಷ್ಟೂ ಹೊಸದಾಗಿ ಒಂದು ಕಾಸು ತರದೆಯೇ ಸಾಲ ಊದಿಕೊಳ್ಳುತ್ತಿತ್ತು. ಏಳು ಸಾವಿರದ ಆಸುಪಾಸಿನಲ್ಲಿದ್ದ ಡಾಲರ್ ವರ್ಷದೊಳಗೆ 25,000 ಸುಕ್ರೆಗೆ ಏರಿತು. ಅದೇ ದರದಲ್ಲಿ ಡಾಲರನ್ನೇ ದೇಶದ ಹಣ ಮಾಡುವುದಾಗಿ ಅಧ್ಯಕ್ಷ ಜಮಿಲ್ ಮಾಹುವಾದ್ ಘೋಷಿಸಿದರು. ಎರಡು ವಾರದಲ್ಲಿ ಅವರ ಕುರ್ಚಿ ಹೋಯಿತು, ಡಾಲರ್ ಉಳಿಯಿತು.

ಬೆಲೆ ಏರಿಕೆ ಕೆಲವೇ ವರ್ಷಗಳಲ್ಲಿ ಒಂದಂಕಿಗೆ ಇಳಿಯಿತು, ಇದು ಸಣ್ಣ ಮಾತಲ್ಲ. ಆದರೆ ಸಾಲ ಕೊಡುವವನಿಗೆ ಹೆದರಿಕೆ ಎರಡು: ಹಣ ಸವಕಲಾಗುವುದು ಒಂದು, ಹಣವೇ ಬಾರದಿರುವುದು ಇನ್ನೊಂದು. ಡಾಲರ್ ಕಳೆದದ್ದು ಮೊದಲನೆಯದನ್ನು ಮಾತ್ರ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮುಂಗಡ ಕೊಡುವವರು ನೋಟು ಯಾವುದೆಂದು ಯೋಚಿಸುವುದಿಲ್ಲ, ಈ ಸಲ ಕೊಳೆರೋಗ ಎಷ್ಟು ಎಂದು ಕೇಳುತ್ತಾರೆ. ಈಕ್ವೆಡಾರಿನ ಅಡಿಕೆ ಕಚ್ಚಾ ತೈಲ. ಅದರ ಬೆಲೆ ಬಿದ್ದರೆ ನೋಟು ಅಚ್ಚು ಹಾಕುವಂತಿಲ್ಲ, ಹಣದ ಬೆಲೆ ಇಳಿಸುವಂತಿಲ್ಲ, ಬ್ಯಾಂಕು ಮುಳುಗಿದರೆ ಎತ್ತಲು ಕೇಂದ್ರ ಬ್ಯಾಂಕಿನ ಕೈಯಲ್ಲಿ ಹೊಸ ಡಾಲರೂ ಇಲ್ಲ.

2008ರಲ್ಲಿ ಅಧ್ಯಕ್ಷ ರಾಫೆಲ್ ಕೊರೆಯಾ, ಕೆಲವು ಬಾಂಡ್‌ಗಳ ಸಾಲವೇ ಅಕ್ರಮ ಎಂದು ಬಡ್ಡಿ ನಿಲ್ಲಿಸಿದರು. ಅದು ಕೈಲಾಗದ್ದಕ್ಕಿಂತ ಮನಸ್ಸಿಲ್ಲದ್ದೇ ಹೆಚ್ಚು. ಸ್ವಂತ ನೋಟಿದ್ದರೂ ಹಾಗೇ ಮಾಡುತ್ತಿದ್ದರೇನೋ. 2020ರ ಕತೆ ಬೇರೆ. ಕೋವಿಡ್ ಬಂತು, ತೈಲದ ಬೆಲೆ ನೆಲ ಕಚ್ಚಿತು. ಸುಮಾರು 1,740 ಕೋಟಿ ಡಾಲರಿನ ಬಾಂಡ್‌ಗಳ ಕಂತು, ಬಡ್ಡಿ, ಅಸಲು ಎಲ್ಲದರ ಬಗ್ಗೆಯೂ ಸಾಲ ಕೊಟ್ಟವರ ಜೊತೆ ಮತ್ತೆ ಚೌಕಾಸಿಗೆ ಕೂರಬೇಕಾಯಿತು.