ಹೊಟ್ಟೆಗಿಲ್ಲದವ್ನೇ ಬಾಂಬ್ ಇಡೋದಾ?

ಪ್ರಶ್ನೆ: ಸಾರ್, ಬಡತನ, ನಿರುದ್ಯೋಗ ಇರೋದಕ್ಕೇ ಅಲ್ವಾ ಟೆರರಿಸಂ ಹುಟ್ಟೋದು? ಎಲ್ರಿಗೂ ಕೆಲ್ಸ ಕೊಟ್ಬಿಟ್ರೆ ತಾನಾಗೇ ನಿಂತೋಗಲ್ವಾ?

ಇದು ಎಷ್ಟನೇ ಸಲ ಅಂತ ಲೆಕ್ಕ ಇಡೋದೇ ಬಿಟ್ಟಿದೀನಿ. ಎಲ್ಲಾದ್ರೂ ಬಾಂಬ್ ಸಿಡಿದ ಮಾರನೇ ದಿನ ಹತ್ತು ಜನ ಕೇಳ್ತಾರೆ, ನಾನು ಹೇಳ್ತೀನಿ, ಮುಂದಿನ ಸಲ ಅದೇ ಹತ್ತು ಜನ ಮತ್ತೆ ಕೇಳ್ತಾರೆ. ಆಗಲಿ, ಇನ್ನೊಂದ್ ಸಲ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಶ್ರೀಲಂಕಾ. ಮೂರು ಚರ್ಚು, ಕೊಲಂಬೊದ ಮೂರು ದೊಡ್ಡ ಹೋಟೆಲ್ಲು, 250ಕ್ಕೂ ಹೆಚ್ಚು ಜನ ಹೋದ್ರು. ನಮ್ಮವ್ರಿಗೆ ನೆನಪಿರ್ಬೇಕು, ಇಲ್ಲಿ ವೋಟಿಂಗ್ ಮುಗಿಸ್ಕೊಂಡು ನಾಲ್ಕು ದಿನ ಸುತ್ತಾಡ್ಕೊಂಡ್ ಬರೋಣ ಅಂತ ಹೋಗಿದ್ದ ಜೆಡಿಎಸ್ ಕಾರ್ಯಕರ್ತರೂ ಸತ್ತವ್ರಲ್ಲಿ ಇದ್ರು. ಈಗ ಬಾಂಬ್ ಕಟ್ಕೊಂಡ್ ಬಂದವ್ರು ಯಾರು ನೋಡಿ. ಅವ್ರಲ್ಲಿ ಇಬ್ರು ಅಣ್ಣತಮ್ಮಂದ್ರು, ಅಪ್ಪ ಕೊಲಂಬೊದಲ್ಲಿ ಮಸಾಲೆ ಸಾಮಾನಿನ ದೊಡ್ಡ ಸಾಹುಕಾರ. ಇನ್ನೊಬ್ಬ ಇಂಗ್ಲೆಂಡು, ಆಸ್ಟ್ರೇಲಿಯಾದಲ್ಲಿ ಓದಿ ಬಂದವ್ನು, ತಾಜ್ ಸಮುದ್ರ ಹೋಟೆಲ್‌ಗೆ ಹೋಗಿ ಅಲ್ಲಿ ಬಾಂಬ್ ಸಿಡೀದೆ, ಆಮೇಲೆ ದೆಹಿವಲದ ಲಾಡ್ಜ್ ಒಂದ್ರಲ್ಲಿ ಸತ್ತ. ಇವ್ರಿಗೆ ಯಾವ ಕೆಲ್ಸ ಕೊಡ್ತೀರಾ ಹೇಳಿ?

"ಒಂದು ಕೇಸ್ ಹಿಡ್ಕೊಂಡು ಮಾತಾಡ್ಬೇಡಿ ಸಾರ್" ಅಂತೀರಿ, ಗೊತ್ತು. ಅಲನ್ ಕ್ರೂಗರ್ ಅನ್ನೋ ಎಕಾನಮಿಸ್ಟು ಜಿಟ್ಕಾ ಮಲೆಚ್ಕೋವಾ ಜೊತೆ ಸೇರಿ 2003ರಲ್ಲಿ ಒಂದು ಪೇಪರ್ ಬರೆದ್ರು, ಅದ್ರಲ್ಲಿ ಲೆಬನಾನಿನ ಹೆಜ್ಬುಲ್ಲಾ ಅನ್ನೋ ಸಶಸ್ತ್ರ ಸಂಘಟನೆಯ 129 ಸತ್ತ ಹೋರಾಟಗಾರರ ಹಿನ್ನೆಲೆ ಕೆದಕಿದಾರೆ. ಅವ್ರಲ್ಲಿ ಬಡವರು 28%, ಅಲ್ಲಿನ ಸಾಮಾನ್ಯ ಜನರಲ್ಲಿ 33%. ಹೈಸ್ಕೂಲು ಅಥವಾ ಅದಕ್ಕಿಂತ ಮೇಲೆ ಹೋದವ್ರು 47%, ಸಾಮಾನ್ಯ ಜನರಲ್ಲಿ 38%. ವ್ಯತ್ಯಾಸ ಭಾರೀ ಏನಲ್ಲ, ಆದ್ರೆ ನೀವು ಹೇಳೋದಕ್ಕೆ ಪೂರ್ತಿ ಉಲ್ಟಾ ದಿಕ್ಕಲ್ಲಿದೆ.

ಯಾಕೆ ಅಂದ್ರೆ ಅದೂ ಒಂಥರಾ ರಿಕ್ರೂಟ್‌ಮೆಂಟೇ. ಸಂಘಟನೆ ನಡೆಸೋರು ಸಿಕ್ಕಸಿಕ್ಕವ್ರನ್ನ ತಗೊಳಲ್ಲ, ಕೆಲ್ಸ ಕೆಡಿಸ್ದೆ ಮಾಡೋರು ಬೇಕು. ಸಿನಮನ್ ಗ್ರ್ಯಾಂಡ್ ಹೋಟೆಲ್‌ನಲ್ಲಿ ಬಾಂಬ್ ಸಿಡಿಸಿದವ್ನು ಹಿಂದಿನ ದಿನವೇ ರೂಮ್ ಮಾಡಿ, ಬೆಳಗ್ಗೆ ತಿಂಡಿ ಬಫೆ ಕ್ಯೂನಲ್ಲಿ ನಿಂತಿದ್ನಂತೆ. ಹರಕಲು ಚಪ್ಪಲಿ ಹಾಕ್ಕೊಂಡವ್ನನ್ನ ಸೆಕ್ಯೂರಿಟಿಯವ್ನು ಗೇಟಲ್ಲೇ ನಿಲ್ಲಿಸ್ತಾನೆ, ಇವನಿಗೆ ಸಲಾಂ ಹೊಡ್ದು ಬಾಗಿಲು ತೆಗೀತಾನೆ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಈ ಮಾತು ಬಡವ್ರ ಮೇಲೆ ಕನಿಕರದಿಂದ ಹೇಳ್ದಂಗೆ ಕಾಣುತ್ತೆ, ಆದ್ರೆ ಸುಮ್ನೆ ಅವ್ರ ತಲೆ ಮೇಲೆ ಅನುಮಾನ ಹೊರಿಸುತ್ತೆ. ರಾಯಚೂರು, ಯಾದಗಿರಿ ಕಡೆ ಮಳೆ ಕೈಕೊಟ್ಟ ವರ್ಷ ಜನ ಏನ್ ಮಾಡ್ತಾರೆ? ಪಾತ್ರೆಪಗಡೆ ಗಂಟು ಕಟ್ಕೊಂಡು, ಮಕ್ಕಳನ್ನ ಅಜ್ಜಿ ಹತ್ರ ಬಿಟ್ಟು, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಗುಳೆ ಬರ್ತಾರೆ, ಕಟ್ಟಡ ಕೆಲ್ಸಕ್ಕೆ.

ಹಾಗಂತ ದುಡ್ಡಿಗೂ ಹಿಂಸೆಗೂ ಸಂಬಂಧಾನೇ ಇಲ್ಲ ಅಂತ ನಾನು ಹೇಳ್ದೆ ಅಂತ ಶುರು ಮಾಡ್ಬೇಡಿ. ಅಂತರ್ಯುದ್ಧದ ಕಥೆ ಬೇರೆ. ಆಫ್ರಿಕಾದ 41 ದೇಶಗಳ ಮಳೆ ಲೆಕ್ಕ ಇಟ್ಕೊಂಡು 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮಳೆ ಕೈಕೊಟ್ಟು ಆರ್ಥಿಕ ಬೆಳವಣಿಗೆ ಬಿದ್ದ ಮೇಲೆ ಅಂತರ್ಯುದ್ಧ ಶುರುವಾಗೋ ಸಾಧ್ಯತೆ ಜಾಸ್ತಿ ಆಗೋದು ಕಂಡಿತ್ತು. ಅಲ್ಲಿ ಬೇಕಿರೋದು ಸಾವಿರಾರು ಕಾಲಾಳುಗಳು, ಹೊಲದಲ್ಲಿ ಕೆಲ್ಸ ಇಲ್ದೆ ಇದ್ರೆ ಬಂದೂಕು ಹಿಡಿಯೋಕೆ ಹುಡುಗರು ಸುಲಭಕ್ಕೆ ಸಿಗ್ತಾರೆ. ಟೆರರಿಸಂಗೆ ಬೇಕಿರೋದು ಬರೀ ಏಳೆಂಟು ಜನ. ಎರಡನ್ನೂ ಕಲಸುಮೇಲೋಗರ ಮಾಡೋದ್ರಿಂದಲೇ ಇಷ್ಟು ಗೊಂದಲ.

ಟೆರರಿಸಂನಿಂದ ಬಡತನ ಬರೋದು ಮಾತ್ರ ಕಣ್ಣಿಗೆ ಕಾಣೋಷ್ಟು ಖರೆ. ಶ್ರೀಲಂಕಾಕ್ಕೆ 2018ರ ಮೇ ತಿಂಗಳಲ್ಲಿ ಸುಮಾರು 1.29 ಲಕ್ಷ ಟೂರಿಸ್ಟ್‌ಗಳು ಬಂದಿದ್ರು, 2019ರ ಮೇನಲ್ಲಿ 38 ಸಾವಿರ. ಆಟೋದವ್ನು, ಬೀಚಲ್ಲಿ ಎಳನೀರು ಮಾರೋನು, ರೂಮ್‌ಬಾಯ್, ಎಲ್ಲರ ಹೊಟ್ಟೆ ಮೇಲೂ ಹೊಡೆತ ಬಿತ್ತು, ಅವ್ರು ಯಾರೂ ಬಾಂಬ್ ಇಟ್ಟಿರ್ಲಿಲ್ಲ.

ಇದನ್ನ ಹೇಳುವಾಗ ಯಾರೂ ಕೇಳದೇ ಇರೋ ಒಂದು ವಿಷ್ಯ ನೆನಪಾಯ್ತು: ಬಾಂಬ್ ಸಿಡಿದು ಆದ ನಷ್ಟಕ್ಕೆ ಬಿಲ್ ಕಟ್ಟೋರು ಯಾರು? ನನ್ನ ಭಾವನದ್ದು ದಾವಣಗೆರೇಲಿ ಹಾರ್ಡ್‌ವೇರ್ ಅಂಗಡಿ, ಬೆಂಕಿ ಇನ್ಶೂರೆನ್ಸ್ ಪಾಲಿಸಿ ತೋರಿಸಿ "ಏನಪ್ಪಾ ಇದು ಟೆರರಿಸಂ ಪ್ರೀಮಿಯಂ ಅಂತೆ, ನನ್ನ ಮೊಳೆ ಡಬ್ಬಕ್ಕೆ ಯಾವನು ಬಾಂಬ್ ಇಡ್ತಾನೆ" ಅಂತ ಕೇಳಿದ್ರು. ಅದರ ಬೇರು 2001ರ ಸೆಪ್ಟೆಂಬರ್ 11ರಲ್ಲಿದೆ. ನ್ಯೂಯಾರ್ಕಲ್ಲಿ ಆ ಎರಡು ಕಟ್ಟಡ ಬಿದ್ದ ಮೇಲೆ, ಇನ್ಶೂರೆನ್ಸ್ ಕಂಪನಿಗಳಿಗೇ ಇನ್ಶೂರೆನ್ಸ್ ಕೊಡೋ ವಿದೇಶಿ ಕಂಪನಿಗಳು ಈ ರಿಸ್ಕ್ ನಮಗೆ ಬೇಡ ಅಂತ ಹಿಂದೆ ಸರಿದ್ರು. ಅದಕ್ಕೆ ನಮ್ಮ ದೇಶದ ಕಂಪನಿಗಳೆಲ್ಲಾ ಸೇರಿ 2002ರ ಏಪ್ರಿಲ್‌ನಲ್ಲಿ ಒಂದು ಪೂಲ್ ಮಾಡ್ಕೊಂಡ್ರು, ನಮ್ಮ ಚೀಟಿ ಫಂಡಿದ್ದಂಗೆ ಅನ್ಕೊಳಿ, ಆ ಟೆರರಿಸಂ ಪ್ರೀಮಿಯಂ ಹೋಗೋದು ಅದಕ್ಕೇ, ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ಅದನ್ನ ನೋಡ್ಕೊಳುತ್ತೆ. 2008ರ ಮುಂಬೈ ದಾಳಿಯಲ್ಲಿ ಅಲ್ಲಿನ ತಾಜ್‌ನಂಥ ಹೋಟೆಲ್‌ಗಳ ಕ್ಲೇಮ್‌ಗಳಿಗೆ ದುಡ್ಡು ಹೋಗಿದ್ದೂ ಅದರಿಂದಲೇ. ಭಾವನಿಗೆ ಇದೆಲ್ಲಾ ಬಿಡಿಸಿ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು, "ಅಂದ್ರೆ ತಾಜ್ ಹೋಟೆಲ್ ರಿಪೇರಿಗೆ ನಂದೂ ದುಡ್ಡಿದೆ ಅನ್ನು, ಒಂದ್ ಕಾಫಿನಾದ್ರೂ ಫ್ರೀ ಕೊಡ್ತಾರಾ?" ಅಂದ್ರು.