ಸತ್ತವರು ಯಾವ ನಾಡಿನವರು?

ಒಂದು ನಾಡಿನಲ್ಲಿ ಹುಟ್ಟಿ ಇನ್ನೊಂದರಲ್ಲಿ ಬಾಳಿ ತೀರಿಕೊಂಡವರ ಆಸ್ತಿಯನ್ನು ಯಾವ ನಾಡಿನ ಕಾನೂನಿನಂತೆ ಹಂಚಬೇಕು? ಫ್ರಾನ್ಸಿನ ಪೋ ಪಟ್ಟಣದಲ್ಲಿ 1869ರಲ್ಲಿ ಉಯಿಲು ಬರೆಯದೆ ತೀರಿಕೊಂಡ ಫೊರ್ಗೊ ಎಂಬಾತ ಹುಟ್ಟಿದ್ದು ಈಗ ಜರ್ಮನಿಯ ಭಾಗವಾಗಿರುವ ಬವೇರಿಯದಲ್ಲಿ, ಮದುವೆಯಾಗದ ತಾಯಿಯ ಮಗನಾಗಿ. ಐದನೆಯ ವಯಸ್ಸಿಗೇ ಫ್ರಾನ್ಸಿಗೆ ಬಂದು ಅಲ್ಲಿಯೇ ಮುದುಕನಾದರೂ, ಅಲ್ಲಿ ನೆಲೆಸಲು ಆಗ ಬೇಕಿದ್ದ ಸರ್ಕಾರಿ ಅನುಮತಿಯನ್ನು ಪಡೆದಿರಲಿಲ್ಲವಾದ್ದರಿಂದ, ಕಾನೂನಿನ ಕಣ್ಣಿಗೆ ಆತ ಕೊನೆಯವರೆಗೂ ಬವೇರಿಯದವನೇ. ಅವನ ಚರಾಸ್ತಿಯ ಮೇಲೆ ತಾಯಿಯ ಕಡೆಯ ಬಂಧುಗಳು ಹಕ್ಕು ಹೂಡಿದರು. ಬವೇರಿಯದ ಕಾನೂನು ಅವರ ಪರವಾಗಿತ್ತು. ಫ್ರೆಂಚ್ ಕಾನೂನಿನಂತೆ ಅವರಿಗೆ ವಾರಸುದಾರಿಕೆಯೇ ಇರಲಿಲ್ಲ, ಆಸ್ತಿ ಸರ್ಕಾರಕ್ಕೆ ಸೇರಬೇಕಿತ್ತು. ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು 1878ರಲ್ಲಿ ಬವೇರಿಯದ ಕಾನೂನನ್ನು ತೆರೆದು ನೋಡಿದಾಗ, ಸತ್ತವನು ವಾಸ್ತವವಾಗಿ ಬಾಳಿದ ನಾಡಿನ ಕಾನೂನೇ ಚರಾಸ್ತಿಗೆ ಅನ್ವಯ ಎಂದು ಅದರಲ್ಲೇ ಇತ್ತು. ಹೀಗೆ ಪ್ರಶ್ನೆ ಫ್ರಾನ್ಸಿಗೇ ಮರಳಿತು, ಹಣ ಫ್ರೆಂಚ್ ಖಜಾನೆ ಸೇರಿತು. ವಕೀಲರು ‘ರೆನ್ವಾಯ್’ ಎನ್ನುವ ಈ ಮರುರವಾನೆಯ ತತ್ತ್ವ ಪ್ರಸಿದ್ಧವಾದದ್ದು ಇದೇ ತೀರ್ಪಿನಿಂದ. ತೀರ್ಪಿತ್ತ ದೇಶವೇ ಅದರ ಫಲಾನುಭವಿಯೂ ಆಯಿತೆಂಬುದನ್ನು ಮರೆಯಲಾಗದು.

ಇಂಗ್ಲಿಷ್ ಪರಂಪರೆ ಪೌರತ್ವದ ಬದಲು ಅಧಿವಾಸವನ್ನು, ಅಂದರೆ ಕಾಯಂ ನೆಲೆಯನ್ನು, ಹಿಡಿಯಿತು. ಆದರೆ ಹುಟ್ಟಿನಿಂದ ಬಂದ ಅಧಿವಾಸ ಅಷ್ಟು ಸುಲಭಕ್ಕೆ ಕಳಚುವುದಿಲ್ಲ. ಗ್ಲಾಸ್ಗೋದ ಜಾರ್ಜ್ ಬೋವಿ ಸುಮಾರು 36 ವರ್ಷ ಲಿವರ್‌ಪೂಲಿನಲ್ಲಿದ್ದ. ತಾಯಿಯ ಅಂತ್ಯಕ್ರಿಯೆಗೂ ಹುಟ್ಟೂರಿಗೆ ಹೋಗಲಿಲ್ಲ. ಆದರೂ ಆತ ಸ್ಕಾಟ್ಲೆಂಡಿನವನೇ ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1930ರಲ್ಲಿ ತೀರ್ಮಾನಿಸಿತು. ಸಾಕ್ಷಿಗಳ ಸಹಿಯಿಲ್ಲದೆ ಸ್ವಹಸ್ತದಲ್ಲಿ ಬರೆದಿದ್ದ ಅವನ ಉಯಿಲು ಇಂಗ್ಲೆಂಡಿನಲ್ಲಿ ಅಸಿಂಧು, ಸ್ಕಾಟ್ಲೆಂಡಿನಲ್ಲಿ ಸಿಂಧು. ಹಾಗಾಗಿ ಅದು ಉಳಿಯಿತು. ಉಯಿಲನ್ನು ಉಳಿಸಿದ್ದು ಸರಿಯೆನಿಸಿದರೂ, ಅದಕ್ಕೆ ಕೊಟ್ಟ ಕಾರಣ ಬದುಕಿನಿಂದ ಬಹಳ ದೂರವೆನಿಸುತ್ತದೆ.

ಐರೋಪ್ಯ ಒಕ್ಕೂಟದ 2012ರ ನಿಯಮಾವಳಿ ಈ ಗೋಜಲನ್ನು ಬಿಡಿಸಹೊರಟಿತು. 2015ರ ಆಗಸ್ಟ್ 17ರಿಂದೀಚೆಗೆ ಸತ್ತವರ ಇಡೀ ಆಸ್ತಿಗೆ, ಡೆನ್ಮಾರ್ಕ್ ಮತ್ತು ಐರ್ಲೆಂಡನ್ನುಳಿದ ಸದಸ್ಯ ದೇಶಗಳಲ್ಲಿ, ಕೊನೆಯ ವಾಡಿಕೆಯ ವಾಸಸ್ಥಳದ ಕಾನೂನೇ ಸಾಮಾನ್ಯವಾಗಿ ಅನ್ವಯ. ಬೇಕಿದ್ದವರು ತಮ್ಮ ಪೌರತ್ವದ ದೇಶದ ಕಾನೂನನ್ನು ಆರಿಸಿಕೊಳ್ಳಬಹುದು. ಆದರೆ ವಾಡಿಕೆಯ ವಾಸವೆಂದರೆ ಯಾವುದು? ಫ್ರೆಂಚ್ ಗಾಯಕ ಜಾನಿ ಹ್ಯಾಲಿಡೇ 2014ರಲ್ಲಿ ಕ್ಯಾಲಿಫೋರ್ನಿಯ ಕಾನೂನಿನಡಿ ಉಯಿಲು ಬರೆದು ದೊಡ್ಡ ಮಕ್ಕಳಿಬ್ಬರನ್ನು ಕೈಬಿಟ್ಟಿದ್ದರು. ಮಕ್ಕಳಿಗೆ ಪಾಲು ತಪ್ಪಿಸುವುದು ಅಲ್ಲಿ ಸಾಧ್ಯ, ಫ್ರಾನ್ಸಿನಲ್ಲಿ ಅಲ್ಲ. 2017ರಲ್ಲಿ ಅವರು ತೀರಿಕೊಂಡ ಮೇಲೆ, ಕುಟುಂಬದ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಮುಂದಿಟ್ಟು, ಯಾವ ವರ್ಷ ಎಷ್ಟು ದಿನ ಫ್ರಾನ್ಸಿನಲ್ಲಿದ್ದರೆಂದು ವಕೀಲರು ಲೆಕ್ಕಹಾಕಿದರು. ಫ್ರಾನ್ಸಿನ ನಾಂತೇರ್ ನ್ಯಾಯಾಲಯ 2019ರಲ್ಲಿ ಫ್ರಾನ್ಸೇ ಅವರ ನೆಲೆಯೆಂದಿತು.

ಭಾರತದ್ದು ಹಳೆಯ ಇಂಗ್ಲಿಷ್ ದಾರಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 5ನೇ ಕಲಮಿನಂತೆ ಇಲ್ಲಿನ ಸ್ಥಿರಾಸ್ತಿಗೆ ಇಲ್ಲಿನ ಕಾನೂನು, ಚರಾಸ್ತಿಗೆ ಸತ್ತವರ ಅಧಿವಾಸದ ಕಾನೂನು. ಹಿಂದೂ, ಮುಸ್ಲಿಂ ಮೊದಲಾದವರಿಗೆ ಆ ಭಾಗ ಅನ್ವಯಿಸದಿದ್ದರೂ, ಸ್ಥಿರಾಸ್ತಿಗೆ ನೆಲದ ಕಾನೂನು, ಚರಾಸ್ತಿಗೆ ಅಧಿವಾಸದ ಕಾನೂನೆಂಬ ತತ್ತ್ವವನ್ನು ನ್ಯಾಯಾಲಯಗಳು ಅವರ ವಿಷಯದಲ್ಲೂ ಪಾಲಿಸುತ್ತವೆ. ಹೀಗಾಗಿ ಕ್ಯಾಲಿಫೋರ್ನಿಯದಲ್ಲಿ ಕಾಯಂ ನೆಲೆಸಿದ ಹಿಂದೂ ಕನ್ನಡಿಗರೊಬ್ಬರು ಉಯಿಲಿಲ್ಲದೆ ತೀರಿಕೊಂಡರೆ, ಮೈಸೂರಿನ ಅವರ ಸ್ವಂತ ಸೈಟು ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ವಾರಸುದಾರರ ಹೆಸರಿಗೆ ಹೋಗುತ್ತದೆ. ಅದೇ ಬೀದಿಯ ಬ್ಯಾಂಕಿನಲ್ಲಿರುವ ಠೇವಣಿಯನ್ನು ಹಂಚಬೇಕಾದದ್ದು ಕ್ಯಾಲಿಫೋರ್ನಿಯದ ಕಾನೂನಿನಂತೆ.