ಫೋಟೋ ಕಳಿಸಿ, ಆಮೇಲೆ ಫೋನೂ ಮಾಡಿ

ಮೆಣಸಿನಕಾಯಿ ಹಂಗಾಮು ಬಂತೆಂದರೆ ಹಾವೇರಿ, ಗದಗ ಕಡೆಯಿಂದ ನನ್ನ ವಾಟ್ಸ್‌ಆ್ಯಪ್‌ಗೆ ಮುಟುರಿದ ಎಲೆಗಳ ಫೋಟೋ ಬರಲು ಶುರು. ಕೆಳಗೆ ಒಂದೇ ಸಾಲು: 'ಸರ್, ಯಾವ ಎಣ್ಣಿ ಹೊಡೀಲ್ರಿ?' (ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ.) ಹೆಸರಿಲ್ಲ, ಊರಿಲ್ಲ.

ಫೋಟೋ ಕಳಿಸಬೇಡಿ ಅನ್ನುತ್ತಿಲ್ಲ. ಕಳಿಸಿ. ಆದರೆ ಒಂದೇ ಎಲೆ ನೋಡಿ ಔಷಧಿ ಹೇಳುವುದು ನನ್ನಿಂದಾಗದು. ಎಲೆ ಮುಟುರಲು ಕಾರಣ ಒಂದೇ ಅಲ್ಲ. ಥ್ರಿಪ್ಸ್ ಎಂಬ ಸಣ್ಣ ಕೀಟ ರಸ ಹೀರಿದರೆ ಎಲೆಯಂಚು ಸಾಮಾನ್ಯವಾಗಿ ಮೇಲಕ್ಕೆ ಮಡಚುತ್ತದೆ. ಮೈಟ್ ನುಸಿಯಾದರೆ ಕೆಳಕ್ಕೆ. ಬಿಳಿನೊಣ ಹರಡುವ ವೈರಸ್ ಬಂದರೂ ಮುಟುರುತ್ತದೆ, ಆ ಗಿಡವನ್ನು ಯಾವ ಎಣ್ಣೆಯೂ ವಾಸಿ ಮಾಡದು. ಎಷ್ಟೋ ಹೊಲಗಳಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ಮೈಟ್ ಇರುವಲ್ಲಿ ಥ್ರಿಪ್ಸ್ ಎಂದುಕೊಂಡು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಮೈಟ್ ತಿನ್ನುವ ಕೀಟಗಳು ಸತ್ತು, ನುಸಿ ಇನ್ನೂ ಜಾಸ್ತಿಯಾಗಬಹುದು. ಸುಮ್ನೆ ದುಡ್ಡು ದಂಡ, ಬೆಳೆಯೂ ಹಾಳು.

ಅದಕ್ಕೇ ಮಾತಾಡಿ ಅನ್ನೋದು. ಒಬ್ಬ ಹುಡುಗ ಇಂಥದೇ ಫೋಟೋ ಕಳಿಸಿದ್ದ. ಫೋನಿನಲ್ಲಿ ವಿಚಾರಿಸುತ್ತಿದ್ದಾಗ ಪಕ್ಕದಲ್ಲಿದ್ದ ಅವನ ಅವ್ವ, 'ಬದುವಿನ ಕಡೆ ಸಾಲಷ್ಟೇ ಹಿಂಗಾಗ್ಯಾವ್ರಿ. ಆಚೀ ಹೊಲದಾಗ ಗೋವಿನಜೋಳಕ್ಕ ಕಸದ ಎಣ್ಣಿ ಹೊಡದಿದ್ರು' ಎಂದರು. ಹೋಗಿ ನೋಡಿದರೆ ಅವರು ಹೇಳಿದ್ದೇ ಸರಿ. 2,4-ಡಿ ಎಂಬ ಕಳೆನಾಶಕ ಗಾಳಿಗೆ ತೂರಿ ಬಂದಿತ್ತು. ಇದಕ್ಕೆ ಕೀಟನಾಶಕವೇ ಬೇಕಿರಲಿಲ್ಲ. ಆ ತಾಯಿ ಹೇಳಿದ ಎರಡು ಮಾತು ಫೋಟೋದಲ್ಲಿ ಎಲ್ಲಿತ್ತು?

ಹಳ್ಳಿಗೆ ತಂತ್ರಜ್ಞಾನ ಒಯ್ಯುವುದೆಂದರೆ ಇನ್ನೊಂದು ಆ್ಯಪ್ ಮಾಡುವುದು ಎಂದುಕೊಂಡವರೂ ಇದನ್ನು ಗಮನಿಸಲಿ. 2004ರಲ್ಲಿ ಶುರುವಾದ, ರೈತರಿಗೆ ಸಲಹೆ ಕೊಡುವ ಸರ್ಕಾರಿ ಸಹಾಯವಾಣಿ ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಮಾಮೂಲಿ ಕೀಪ್ಯಾಡ್ ಫೋನ್ ಸಾಕು. ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇರುವವರು ನಿಮ್ಮನ್ನು ತಿರುಗಿ ಕೇಳಬಲ್ಲರು, ಅದೇ ಮುಖ್ಯ.

ಇನ್ನು, ಒಬ್ಬರ ಹೊಲಕ್ಕೆ ಹೇಳಿದ ಸಲಹೆಯನ್ನು ಸ್ಕ್ರೀನ್‌ಶಾಟ್ ತೆಗೆದು ಊರಿನ ಗ್ರೂಪಿಗೆಲ್ಲ ಹಾಕುವುದನ್ನು ದಯವಿಟ್ಟು ಬಿಡಿ.

ಫೋನ್ ಮಾಡುವಾಗ ಹೊಲದಲ್ಲೇ ನಿಂತಿರಿ. ಎಲೆ ತಿರುವಿ ಹಿಂಭಾಗ ನೋಡಿ. ಹೂವು ಬಿಟ್ಟಿದ್ದರೆ ನಾಲ್ಕು ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿ. ಕರಿ ಥ್ರಿಪ್ಸ್ ಇದ್ದರೆ ಹಾಳೆ ಮೇಲೆ ಓಡಾಡುವುದು ಕಾಣುತ್ತದೆ. ಈಗಾಗಲೇ ಏನಾದರೂ ಹೊಡೆದಿದ್ದರೆ ಆ ಡಬ್ಬಿ ಕೈಯಲ್ಲಿರಲಿ, ಹೆಸರು ಓದಿ ಹೇಳಿ. ಇಷ್ಟೆಲ್ಲ ಕೇಳಿದ ಮೇಲೂ 'ಹೊಲ ನೋಡದೆ ಹೇಳಲಾರೆ' ಎಂದು ನಾನು ಅನ್ನಬಹುದು. ಬೇಸರ ಮಾಡ್ಕೋಬೇಡಿ, ಬಂದು ನೋಡುತ್ತೇನೆ.